ಒಂಬೈನೂರ ತೊಂಬತ್ತೊಂಬತ್ತನೆಯ ಚಾಲಕ

ಬಸ್ ಡಿಪೋದಲ್ಲಿ ಟೈರು ಪೇರಿಸಿಡುವ ಉಗ್ರಾಣದ ಮೇಲೆ ಒಂದು ಕೋಣೆ. ಅದರಲ್ಲಿ ಒಂದು ಕುರ್ಚಿ, ಒಂದು ಮೇಜು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುವ ಒಂದು ಕಂಪ್ಯೂಟರು. ಈ ಮೂರರ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದವಳು ಡ್ಯೂಟಿ ಅಕ್ಕ. ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ‘ಪ್ರೋಗ್ರಾಮರ್’ ಎಂದಿತ್ತು. ಮುನ್ನೂರ ನಲವತ್ತು ಚಾಲಕರಿಗೆ ಆ ಪದದ ಗೊಡವೆ ಬೇಕಿರಲಿಲ್ಲ. ಸಂಜೆ ನಾಲ್ಕಕ್ಕೆ ಅವಳ ಪ್ರಿಂಟರು ಕಿರುಚಿಕೊಂಡರೆ ನಾಳೆ ಯಾರು, ಯಾವ ಬಸ್ಸು, ಯಾವ ದಾರಿ, ಎಷ್ಟು ಹೊತ್ತಿಗೆ ಎಂಬ ಹಾಳೆ ಹೊರಬರುತ್ತದೆ ಎನ್ನುವುದಷ್ಟೇ ಅವರಿಗೆ ಗೊತ್ತಿತ್ತು. ಒಳ್ಳೆಯ ಪಾಳಿ ಸಿಕ್ಕವರು ‘ಡ್ಯೂಟಿ ಅಕ್ಕ’ ಎಂದು ಕರೆದರು. ಬೆಳಗಿನ ನಾಲ್ಕೂವರೆಯ ಪಾಳಿ ಸಿಕ್ಕವರು ಬೇರೆ ಬೇರೆ ಹೆಸರಿಟ್ಟರು. ಅವೂ ಅವಳಿಗೆ ಗೊತ್ತಿದ್ದವು; ಗೋಡೆ ತೆಳ್ಳಗಿತ್ತು.

ಆ ಪ್ರೋಗ್ರಾಮನ್ನು ಅವಳು ಬರೆದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಆ ಕಾಲದ ಬಗ್ಗೆ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದಳು. ಡಿಪೋಗೆ ಕಂಪ್ಯೂಟರು ಬಂದಾಗ ಅದಕ್ಕೊಂದು ತಂಪು ಕೋಣೆ ಕಟ್ಟಿಸಿದರಂತೆ. ಕೆಳಗೆ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರೆ ಮೇಲೆ ಯಂತ್ರ ಹಾಯಾಗಿತ್ತು. ಅದರ ಬಳಿ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು, ಸೀನು ಬಂದರೆ ಬಾಗಿಲಾಚೆ ಓಡಬೇಕು.

“ಅಷ್ಟೆಲ್ಲಾ ಮರ್ಯಾದೆ ತಗೊಂಡ ಯಂತ್ರದ ಇಡೀ ತಲೆಯಲ್ಲಿ, ಈಗ ನೀವು ಕಳಿಸ್ತೀರಲ್ಲ ಬೆಕ್ಕಿನ ಫೋಟೋ, ಅದರ ಬಾಲ ಕೂಡ ಹಿಡಿಸ್ತಿರಲಿಲ್ಲ,” ಎನ್ನುತ್ತಿದ್ದಳು ಅಕ್ಕ. “ಆಗ ಜಾಗ ಇರಲಿಲ್ಲ, ಅದಕ್ಕೆ ಯೋಚನೆ ಮಾಡ್ತಿದ್ವಿ. ಈಗ ಜಾಗ ಬೇಕಾದಷ್ಟಿದೆ, ಯೋಚನೆಗೆ ರಜೆ ಕೊಟ್ಟಿದ್ದಾರೆ. ಮೂರು ಬಸ್ ನಂಬರ್ ತೋರಿಸೋ ಪುಟ ತೆರೆಯೋಕೆ ಚಕ್ರ ತಿರುಗುತ್ತೆ, ತಿರುಗುತ್ತೆ, ತಿರುಗ್ತಾನೇ ಇರುತ್ತೆ. ಅಷ್ಟು ಹೊತ್ತಿಗೆ ಆ ಮೂರೂ ಬಸ್ಸು ಹೊರಟುಹೋಗಿರುತ್ತೆ!”

ಒಂದು ಕಾಮಾ ತಪ್ಪಿದ್ದಕ್ಕೆ ತಾನು ಆರು ದಿನ ಹುಡುಕಿದ್ದು, ಇಲಿ ತಂತಿ ಕಡಿದು ಒಂದು ವಾರದ ಹಾಳೆಗಳನ್ನು ಕೈಯಲ್ಲೇ ಬರೆದದ್ದು, ಒದ್ದೆಯಾದ ಫ್ಲಾಪಿಯನ್ನು ಕೂದಲು ಒಣಗಿಸುವ ಯಂತ್ರದ ಕೆಳಗೆ ಹಿಡಿದು ಅದನ್ನು ಹಪ್ಪಳದ ಹಾಗೆ ಸೊಟ್ಟಗೆ ಮಾಡಿದ್ದು, ಇವು ಮಾತ್ರ ಆ ಸುವರ್ಣಯುಗದ ವರ್ಣನೆಯಲ್ಲಿ ಬರುತ್ತಿರಲಿಲ್ಲ. ಹೇಳುವವರಿಗೆ ಅಷ್ಟು ಸ್ವಾತಂತ್ರ್ಯ ಇರಲೇಬೇಕಲ್ಲ.

ಮನೆಯಲ್ಲಿ ಅವಳ ಮಾತು ಕೇಳಲು ಇಬ್ಬರಿದ್ದರು: ಶಾಲೆಯಲ್ಲಿ ಚಿತ್ರ ಕಲಿಸುವ ಗಂಡ, ಮತ್ತು ಎಂಬತ್ತು ದಾಟಿದ ಅತ್ತೆ. ಗಂಡನ ಪ್ರಕಾರ ಹೆಂಡತಿಯ ಕೆಲಸವೆಂದರೆ ಟೈಪಿಂಗು. ಮದುವೆಯಾದ ಹೊಸತರಲ್ಲಿ ಅವಳು ಅದನ್ನು ತಿದ್ದಲು ಹೋಗಿ, ಎರಡು ವರ್ಷದ ನಂತರ ಕೈಬಿಟ್ಟಿದ್ದಳು. ಅತ್ತೆ ಮಾತ್ರ ಸೊಸೆಯ ಕಸುಬನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಫೋನಿಗೆ ಏನೇ ಆದರೂ ಸೊಸೆಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

“ಇದೇನಮ್ಮಾ ಇದು, ದಿನಾ ಬೆಳಗ್ಗೆ ಹೊಸದು ಹಾಕ್ಲಾ ಅಂತ ಕೇಳುತ್ತೆ. ಹೂಂ ಅಂದ್ರೆ ಇದ್ದ ಗುಂಡಿ ಕಾಣೆಯಾಗುತ್ತೆ.”

“ಅದಕ್ಕೇ ಅತ್ತೆ ಅಪ್‌ಡೇಟ್ ಅನ್ನೋದು.”

“ಅಲ್ಲ, ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲಾ ಅದಲುಬದಲು ಮಾಡಿ ಹೋದರೆ ಕಳ್ಳ ಅಂತೀವಿ. ಇವರಿಗೆ ಸಂಬಳ ಬೇರೆ ಕೊಡ್ತಾರಾ?”

“ನನಗಿಂತ ಜಾಸ್ತಿ ಕೊಡ್ತಾರೆ.”

ಗಂಡ ಕುಂಚ ತೊಳೆಯುತ್ತ, “ನೀವಿಬ್ಬರೂ ಕಾಲದ ಜೊತೆ ಹೋಗೋದು ಕಲೀಬೇಕು,” ಎಂದು ತೀರ್ಪು ಕೊಡುತ್ತಿದ್ದರು. ಅವರ ಫೋನಿನ ಗಡಿಯಾರ ಒಂದು ಗಂಟೆ ಹಿಂದೆ ಇತ್ತು. ಸರಿಮಾಡಿಕೊಳ್ಳಲು ಬರದೆ, ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಂಡು ಬದುಕುತ್ತಿದ್ದರು.

ಹೀಗಿರುವಾಗ ಡಿಪೋಗೆ ಹೊಸ ಮ್ಯಾನೇಜರು ಬಂದರು. ಬಂದ ಮೂರನೆಯ ವಾರಕ್ಕೆ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಗೋಡೆಯ ಮೇಲೆ ಚಿತ್ರಗಳನ್ನು ಓಡಿಸಿದರು. ಮೋಡ, ಬಾಣ, ಮೋಡದ ಮೇಲೆ ಇನ್ನೊಂದು ಬಾಣ, ನಗುವ ಚಾಲಕ. ಆ ಚಾಲಕನಂತೆ ನಗುವವರು ಡಿಪೋದಲ್ಲಿ ಯಾರೂ ಇರಲಿಲ್ಲ. ಇನ್ನು ಮೇಲೆ ಪಾಳಿ ಹಂಚುವುದು ಬುದ್ಧಿವಂತ ವ್ಯವಸ್ಥೆಯಂತೆ. ಯಾರು ಸಮಯಕ್ಕೆ ಬರುತ್ತಾರೆ, ಯಾರು ಹೆಚ್ಚು ರಜೆ ಹಾಕುತ್ತಾರೆ, ಯಾರ ಮೇಲೆ ದೂರಿದೆ, ಎಲ್ಲವನ್ನೂ ಅದು ಹಳೆಯ ದಾಖಲೆ ಓದಿ ತಾನೇ ಕಲಿಯುತ್ತದಂತೆ. ಚೆನ್ನಾಗಿ ದುಡಿಯುವವರಿಗೆ ಮುಖ್ಯವಾದ ದಾರಿಗಳನ್ನು ಕೊಡುತ್ತದಂತೆ. ಹಾಳೆ ಇಲ್ಲ, ಪ್ರಿಂಟರಿಲ್ಲ, ಎಲ್ಲಾ ಫೋನಿನಲ್ಲಿ.

“ಡ್ಯೂಟಿ ಮೇಡಂ, ನಿಮಗೇನಾದ್ರೂ ಸಂಶಯ ಇದೆಯಾ?” ಎಂದು ಮ್ಯಾನೇಜರು ಕೇಳಿದರು.

“ಒಂದೇ ಒಂದು ಸರ್. ನಾಲ್ಕೂವರೆಗೆ ಎದ್ದು ಬರೋಕಾಗಲ್ಲ ಅಂತ ಡ್ರೈವರ್ ಫೋನ್ ಮಾಡಿದ್ರೆ ಅದಕ್ಕೂ ಬೈಯೋಕೆ ಬರುತ್ತಾ?”

ಸಭೆ ನಕ್ಕಿತು. ಮ್ಯಾನೇಜರು ನಗಲಿಲ್ಲ.

ವ್ಯವಸ್ಥೆ ಕಟ್ಟಲು ಹೊರಗಿನ ಸಂಸ್ಥೆಯೊಂದರಿಂದ ಐದು ಜನರ ತಂಡ ಬಂತು. ಅದರ ಮುಖ್ಯಸ್ಥೆಗೆ ಮೂವತ್ತರ ಆಸುಪಾಸು. ಚುರುಕಾದ ನಡಿಗೆ, ಲ್ಯಾಪ್‌ಟಾಪಿನ ಬೆನ್ನ ತುಂಬ ಅಂಟುಚಿತ್ರ. ಚಾಲಕರು ಒಂದೇ ದಿನದಲ್ಲಿ ಅವಳಿಗೆ ‘ಆ್ಯಪ್ ಮೇಡಂ’ ಎಂದು ಹೆಸರಿಟ್ಟರು. ಅವಳ ತಂಡ ದಿನಾ ಹತ್ತಕ್ಕೆ ನಿಂತುಕೊಂಡೇ ಸಭೆ ಮಾಡುತ್ತಿತ್ತು. ಕೂತರೆ ಮಾತು ಉದ್ದವಾಗುತ್ತದೆ ಎಂಬುದು ಅದರ ಹಿಂದಿನ ತತ್ತ್ವ. ಅಕ್ಕನನ್ನೂ ಕರೆದರು. ನಲವತ್ತು ನಿಮಿಷ ನಿಂತು, ಮಂಡಿ ಹಿಡಿದುಕೊಂಡು, “ಕೂತಿದ್ದರೂ ಇಷ್ಟೇ ಆಗ್ತಿತ್ತು ಮೇಡಂ, ನನ್ನ ಮಂಡಿ ಉಳೀತಿತ್ತು,” ಎಂದಳು. ಮರುದಿನದಿಂದ ಹೋಗಲಿಲ್ಲ.

ಆ್ಯಪ್ ಮೇಡಂ ಬೇಸರಪಡದೆ ಒಂದು ಪ್ರಶ್ನಾವಳಿ ಕಳಿಸಿದಳು. ಅರವತ್ತು ಪ್ರಶ್ನೆ. ಹಳೆಯ ಪ್ರೋಗ್ರಾಮಿನ ಒಳಗೆ ಏನೇನಿದೆ ಎಂದು ಬಲ್ಲವಳು ಅಕ್ಕ ಒಬ್ಬಳೇ ತಾನೆ? ಅಕ್ಕ ಒಂದು ಮಧ್ಯಾಹ್ನ ಊಟವಾದ ಮೇಲೆ ಕೂತು ಅರವತ್ತಕ್ಕೂ ಉತ್ತರ ಬರೆದಳು. ಅಷ್ಟು ಖುಷಿಯಾಗಿ ಅವಳು ಬಹಳ ವರ್ಷಗಳಿಂದ ಏನನ್ನೂ ಬರೆದಿರಲಿಲ್ಲ. ‘ಈ ಪ್ರೋಗ್ರಾಮಿನ ಕೈಪಿಡಿ ಎಲ್ಲಿದೆ?’ ಎಂಬುದಕ್ಕೆ ‘ಉತ್ತರ ಬರೆಯುತ್ತಿದೆ’ ಎಂದು ಬರೆದಳು. ‘ಬಳಕೆದಾರರ ಅನುಭವ ಹೇಗಿದೆ?’ ಎಂಬುದಕ್ಕೆ ‘ಮೂವತ್ತೊಂದು ವರ್ಷ’ ಎಂದಳು. ಹದಿನಾಲ್ಕನೆಯ ಪ್ರಶ್ನೆ, ‘ದಾಖಲೆಗಳಲ್ಲಿ ವಿಶೇಷ ಅರ್ಥವಿರುವ ಸಂಖ್ಯೆಗಳೇನಾದರೂ ಇವೆಯೇ?’ ಅದಕ್ಕೆ ‘ಬುದ್ಧಿವಂತ ವ್ಯವಸ್ಥೆಗೆ ತಾನಾಗಿಯೇ ತಿಳಿಯುತ್ತದೆ’ ಎಂದು ಬರೆದು, ತನ್ನ ಮಾತಿಗೆ ತಾನೇ ನಕ್ಕಳು. ಸಂಜೆ ಅದನ್ನು ಅತ್ತೆಗೂ ಓದಿ ಹೇಳಿದಳು. ಅತ್ತೆಗೆ ಅರ್ಥವಾಗಲಿಲ್ಲ, ಆದರೂ ಸೊಸೆಯ ಪಕ್ಷ ವಹಿಸಿ ನಕ್ಕರು.

ಮೂರು ತಿಂಗಳ ನಂತರ ಒಂದು ಸೋಮವಾರ ಹೊಸ ವ್ಯವಸ್ಥೆ ಶುರುವಾಯಿತು.

ಬೆಳಗ್ಗೆ ಐದಕ್ಕೇ ಅಕ್ಕ ಡಿಪೋಗೆ ಬಂದಿದ್ದಳು. ಯಾರೂ ಬಾ ಎಂದಿರಲಿಲ್ಲ. ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಶೆಡ್ಡಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು, ಚಾಲಕರು ಗುಂಪುಗುಂಪಾಗಿ ಫೋನು ನೋಡುತ್ತ ನಿಂತಿದ್ದರು. ಐದೂವರೆಯಾದರೂ ಮುಖ್ಯ ದಾರಿಗಳ ಒಂದು ಬಸ್ಸೂ ಅಲುಗಲಿಲ್ಲ. ಡಿಪೋದ ಹಿರಿಯ ಚಾಲಕನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವನು ಫೋನು ಹಿಡಿದುಕೊಂಡು ಮೆಟ್ಟಿಲ ಬಳಿ ಬಂದ.

“ಅಕ್ಕ, ನನಗೆ ವಿಶ್ರಾಂತಿ ಅಂತ ಬಂದಿದೆ.”

“ಪುಣ್ಯವಂತ. ಮನೆಗೆ ಹೋಗಿ ಮಲಗು.”

“ನನಗೊಬ್ಬನಿಗಲ್ಲ ಅಕ್ಕ, ನಲವತ್ತೊಂದು ಜನಕ್ಕೆ ವಿಶ್ರಾಂತಿ. ನಮ್ಮ ಬಸ್ಸೆಲ್ಲಾ ಬೇರೆ ಯಾರೋ ಓಡಿಸ್ತಾರಂತೆ. ಒಬ್ಬನೇ.”

“ಒಬ್ಬನೇ?”

“ನಲವತ್ತೊಂದು ಬಸ್ಸು, ಒಬ್ಬ ಡ್ರೈವರ್. ನಾನೂ ಇಪ್ಪತ್ತೆಂಟು ವರ್ಷದಿಂದ ಇದೀನಿ, ಅವನ ಮುಖ ನೋಡಿಲ್ಲ.”

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಟೀ ಬಗ್ಗಿಸಿಕೊಂಡು, “ಬಹಳ ಬುದ್ಧಿವಂತ ವ್ಯವಸ್ಥೆ. ಸಂಬಳ ಉಳಿಸೋದು ಹೇಗೆ ಅಂತ ಮೊದಲ ದಿನವೇ ಕಲಿತುಬಿಟ್ಟಿದೆ,” ಎಂದಳು. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ಮೀಸೆಯ ಫೋನಿಗೆ ಇನ್ನೊಂದು ಸಂದೇಶ ಬಂತು. ವ್ಯವಸ್ಥೆ ತಾನಾಗಿ ಆರಿಸಿದ ಡಿಪೋದ ಅತ್ಯುತ್ತಮ ಚಾಲಕರೊಬ್ಬರಿಗೆ, ಅಂದರೆ ಆ ನಲವತ್ತೊಂದು ಬಸ್ಸಿನವರಿಗೇ, ಅಭಿನಂದನೆ ಎಂದಿತ್ತು. ಅವರು ಒಂದು ದಿನವೂ ತಡಮಾಡಿಲ್ಲ, ಒಂದು ರಜೆಯನ್ನೂ ಪಡೆದಿಲ್ಲ, ಅವರ ಮೇಲೆ ಒಂದು ದೂರೂ ಇಲ್ಲ. ಎಲ್ಲರೂ ಅವರನ್ನು ಮಾದರಿಯಾಗಿಟ್ಟುಕೊಳ್ಳಬೇಕು.

“ನಂಬರ್ ಎಷ್ಟು ಆ ಮಹಾನುಭಾವರದ್ದು?” ಎಂದು ಅಕ್ಕ ನಗುತ್ತಲೇ ಕೇಳಿದಳು.

“ಒಂಬೈನೂರ ತೊಂಬತ್ತೊಂಬತ್ತು.”

ಅಕ್ಕ ಟೀಯನ್ನು ಮೆಟ್ಟಿಲ ಮೇಲಿಟ್ಟಳು.

ಒಂಬೈನೂರ ತೊಂಬತ್ತೊಂಬತ್ತು ಅವಳದೇ ಸೃಷ್ಟಿ. ಆಗಿನ ಯಂತ್ರ ಖಾಲಿ ಜಾಗವನ್ನು ಒಪ್ಪುತ್ತಿರಲಿಲ್ಲ. ಪ್ರತಿ ಬಸ್ಸಿನ ಮುಂದೆ ಚಾಲಕನ ಸಂಖ್ಯೆ ಇರಲೇಬೇಕು, ಇಲ್ಲವೆಂದರೆ ಇಡೀ ಹಾಳೆ ನಿಂತುಹೋಗುತ್ತಿತ್ತು. ಗ್ಯಾರೇಜಿನಲ್ಲಿ ರಿಪೇರಿಗೆ ನಿಂತ ಬಸ್ಸಿಗೆ ಯಾವ ಚಾಲಕನನ್ನು ಹಾಕುವುದು? ಇಪ್ಪತ್ತಾರರ ಹುಡುಗಿ ಒಂದು ಕ್ಷಣ ಯೋಚಿಸಿ, ‘ಯಾರೂ ಇಲ್ಲ’ ಎನ್ನುವುದಕ್ಕೆ ಒಂಬೈನೂರ ತೊಂಬತ್ತೊಂಬತ್ತು ಎಂದು ಹಾಕಿದಳು. ಆಮೇಲೆ ಸರಿಮಾಡೋಣ ಎಂದುಕೊಂಡಿದ್ದಳು. ಆ ‘ಆಮೇಲೆ’ಗೆ ಮೂವತ್ತೊಂದು ವರ್ಷವಾಗಿತ್ತು. ಅಂದಿನಿಂದ ಆ ಯಾರೂ ಅಲ್ಲದವನು ಒಂದು ದಿನ ತಪ್ಪದೆ ಕೆಲಸಕ್ಕೆ ಹಾಜರಾಗಿದ್ದ. ರಿಪೇರಿಯಲ್ಲಿರುವ ಬಸ್ಸು ತಡವಾಗುವುದಾದರೂ ಹೇಗೆ? ಅದರ ಮೇಲೆ ದೂರು ಕೊಡುವವರಾದರೂ ಯಾರು?

ಆ ಬೆಳಗ್ಗೆ ಮುಖ್ಯ ದಾರಿಗಳಲ್ಲಿ ಎರಡು ಗಂಟೆ ಬಸ್ಸಿರಲಿಲ್ಲ. ಅಕ್ಕ ಮೇಲೆ ಓಡಿ, ಹಳೆಯ ಪ್ರೋಗ್ರಾಮು ಚಾಲೂ ಮಾಡಿ, ಹಾಳೆ ಹೊರಡಿಸಿದಳು. ಏಳೂವರೆಗೆ ಬಸ್ಸುಗಳು ಹೊರಟವು. ಚಾಲಕರು ಅಕ್ಕನಿಗೆ ಜೈಕಾರ ಹಾಕಿದರು. ಒಬ್ಬ ಅವಳ ಪ್ರಿಂಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಜೀವಮಾನದಲ್ಲಿ ಅಷ್ಟು ಹೊಗಳಿಕೆ ಕೇಳಿರದಿದ್ದ ಅಕ್ಕನಿಗೆ ಆ ಒಂದೊಂದು ಮಾತೂ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಹನ್ನೊಂದಕ್ಕೆ ಮ್ಯಾನೇಜರ ಕೋಣೆಯಲ್ಲಿ ಸಭೆ. ಈ ಸಲ ಎಲ್ಲರಿಗೂ ಕುರ್ಚಿ ಇತ್ತು. ಮ್ಯಾನೇಜರ ಮುಖ ಕೆಂಪಗಾಗಿತ್ತು. ಮುಖ್ಯ ಕಚೇರಿಯಿಂದ ಆಗಲೇ ಎರಡು ಫೋನು ಬಂದಿತ್ತು.

“ಇಲ್ಲದ ಮನುಷ್ಯನಿಗೆ ನಲವತ್ತೊಂದು ಬಸ್ಸು ಕೊಟ್ಟಿದ್ದೀರಿ. ಜೊತೆಗೆ ಅಭಿನಂದನೆ ಬೇರೆ! ಯಾರ ತಪ್ಪು ಇದು?”

ಆ್ಯಪ್ ಮೇಡಂ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ನೆಟ್ಟಗಿತ್ತು. “ನಮ್ಮದೇ ಸರ್. ಒಬ್ಬರಿಗೆ ಒಂದೇ ಹೊತ್ತಲ್ಲಿ ಎರಡು ಬಸ್ ಕೊಡಬಾರದು ಅನ್ನೋ ನಿಯಮ ಹಾಕಿದ್ವಿ. ಹಳೇ ದಾಖಲೆಯಲ್ಲಿ ಈ ನಂಬರಿನವರು ದಿನಾ ಹತ್ತು ಹನ್ನೆರಡು ಬಸ್ ಓಡಿಸಿದ್ದಾರೆ ಅಂತಿತ್ತು, ಅದರಿಂದ ದಾಖಲೆ ಹೊಸ ವ್ಯವಸ್ಥೆ ಒಳಗೇ ಹೋಗ್ತಿರಲಿಲ್ಲ. ಗಡುವು ಹತ್ತಿರ ಬಂದಿತ್ತು. ಆ ನಂಬರಿಗೆ ನಿಯಮ ತೆಗೆದುಬಿಟ್ವಿ. ಯಾಕೆ ಹಾಗಿದೆ ಅಂತ ನೋಡಬೇಕಿತ್ತು, ನೋಡಲಿಲ್ಲ.”

ಹದಿನಾಲ್ಕನೆಯ ಪ್ರಶ್ನೆಯ ವಿಚಾರ ಅವಳು ಎತ್ತಲಿಲ್ಲ. ಆ ಉತ್ತರ ಅವಳ ಲ್ಯಾಪ್‌ಟಾಪಿನಲ್ಲಿತ್ತು, ಒಂದು ಬೆರಳು ಒತ್ತಿದರೆ ಗೋಡೆಯ ಮೇಲೆ ಅಷ್ಟಗಲ ಮೂಡುತ್ತಿತ್ತು. ಅಕ್ಕ ಆ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. ಆ್ಯಪ್ ಮೇಡಂ ಅದನ್ನು ತೆರೆಯಲಿಲ್ಲ.

ಮ್ಯಾನೇಜರು ಅಕ್ಕನ ಕಡೆ ತಿರುಗಿದರು. ದನಿಗೆ ಜೇನು ಬಂತು. “ಡ್ಯೂಟಿ ಮೇಡಂ, ನಿಮ್ಮದೇ ಸರಿ. ಹಳೆಯದು ಹಳೆಯದೇ. ಈ ಹೊಸದನ್ನ ಕಸದ ಬುಟ್ಟಿಗೆ ಹಾಕಿ, ನಿಮ್ಮ ಪ್ರೋಗ್ರಾಮನ್ನೇ ಮುಂದುವರಿಸೋಣ ಅಂತ ನಾನೇ ಬರೆದು ಕಳಿಸ್ತೀನಿ.”

ಮೂರು ತಿಂಗಳಿಂದ ಈ ಮಾತಿಗಾಗಿ ಕಾದಿದ್ದವಳು ಅವಳು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮೇಲಿನ ಕೋಣೆ, ಕುರ್ಚಿ, ನಾಲ್ಕು ಗಂಟೆಯ ಕಿರುಚಾಟ, ಎಲ್ಲವೂ ನಿವೃತ್ತಿಯವರೆಗೆ ಅವಳದಾಗುತ್ತಿತ್ತು.

“ಅದು ನನ್ನ ಡ್ರೈವರ್ ಸರ್,” ಎಂದಳು.

“ಯಾರು?”

“ಒಂಬೈನೂರ ತೊಂಬತ್ತೊಂಬತ್ತು. ನಾನೇ ಹುಟ್ಟಿಸಿದ್ದು. ಯಾರೂ ಇಲ್ಲ ಅನ್ನೋದಕ್ಕೆ ಹಾಕಿದ ನಂಬರ್. ಇವರು ಮೊದಲೇ ಕೇಳಿದ್ರು, ಬರವಣಿಗೆಯಲ್ಲೇ ಕೇಳಿದ್ರು. ನಾನು ಕೊಬ್ಬಿನ ಉತ್ತರ ಕೊಟ್ಟೆ.” ಆಮೇಲೆ, ಹೇಳಿದ್ದು ಸಾಲದೆಂಬಂತೆ, “ಹೊಸದನ್ನ ಬಿಸಾಕಬೇಡಿ. ಹಳೆಯದರಲ್ಲಿ ಇಂಥವು ಇನ್ನೂ ಎಷ್ಟಿವೆಯೋ ನನಗೇ ಗೊತ್ತಿಲ್ಲ,” ಎಂದಳು.

ಮ್ಯಾನೇಜರು ತಕ್ಷಣ ಜೇನನ್ನು ಒಳಗಿಟ್ಟುಕೊಂಡು ಅಕ್ಕನಿಗೊಂದು ಎಚ್ಚರಿಕೆ ಪತ್ರ ಬರೆಸಿದರು. ಮೂವತ್ತೊಂದು ವರ್ಷದ ಕೆಲಸಕ್ಕೆ ಡಿಪೋ ಅವಳ ಹೆಸರಿಗೆ ಬರೆದ ಮೊದಲ ಪತ್ರ ಅದೇ.

ಅಂದು ಮಧ್ಯಾಹ್ನ ಆ್ಯಪ್ ಮೇಡಂ ಉಗ್ರಾಣದ ಮೆಟ್ಟಿಲು ಹತ್ತಿ ಬಂದಳು. ಅಕ್ಕ ಕುರ್ಚಿ ಬಿಟ್ಟುಕೊಟ್ಟಳು, ಕೋಣೆಯಲ್ಲಿದ್ದುದೇ ಅದೊಂದು. ಅವಳು ಕೂರದೆ ಕಿಟಕಿಗೆ ಒರಗಿದಳು.

“ಸಭೆಯಲ್ಲಿ ಆ ಉತ್ತರ ಯಾಕೆ ತೋರಿಸಲಿಲ್ಲ?” ಎಂದು ಅಕ್ಕ ಕೇಳಿದಳು.

“ತೋರಿಸಿದ್ರೆ ನೀವು ಇನ್ನು ಮುಂದೆ ನನಗೆ ಏನೂ ಹೇಳ್ತಿರಲಿಲ್ಲ. ನನಗೆ ಉಳಿದ ಐವತ್ತೊಂಬತ್ತು ಉತ್ತರ ಬೇಕು ಅಕ್ಕ. ಈ ಸಲ ನಿಜವಾದದ್ದು.”

ಆ ಹುಡುಗಿ ತನಗಿಂತ ಜಾಣೆ ಎಂದು ಅಕ್ಕನಿಗೆ ಅನ್ನಿಸಿದ್ದು ಆಗ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಅವಳು ಇನ್ನೂ ಕೆಟ್ಟಿರಲಿಲ್ಲ. “ಟೀ ಕುಡೀತೀಯಾ?” ಎಂದಳು.

ಅಲ್ಲಿಂದ ಐದು ತಿಂಗಳು ಇಬ್ಬರೂ ದಿನಾ ಮಧ್ಯಾಹ್ನ ಕೂತು ಹಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದರು. ಇನ್ನೊಂದು ಕುರ್ಚಿಯನ್ನು ಕೆಳಗಿನಿಂದ ಹೊತ್ತು ತಂದರು. ಅಕ್ಕನ ಇಂಥ ಕೈಚಳಕಗಳು ಒಟ್ಟು ನಲವತ್ತೇಳು ಸಿಕ್ಕವು. ಫೆಬ್ರುವರಿಗೆ ಮೂವತ್ತು ದಿನವೆಂದು ಹಿಡಿದು, ಆಮೇಲೆ ಎರಡು ದಿನ ಕದ್ದು ಕಳೆಯುವ ಜಾಗವೊಂದಿತ್ತು. ಇಪ್ಪತ್ತು ವರ್ಷದ ಹಿಂದೆ ಜಗಳವಾಡಿದ್ದ ಇಬ್ಬರು ಚಾಲಕರು ಒಂದೇ ದಾರಿಯಲ್ಲಿ ಎದುರಾಗದಂತೆ ನೋಡಿಕೊಳ್ಳುವ ಆರು ಸಾಲುಗಳಿದ್ದವು. ಆ ಇಬ್ಬರಲ್ಲಿ ಒಬ್ಬ ತೀರಿಕೊಂಡು ಹತ್ತು ವರ್ಷವಾಗಿತ್ತು. ಇನ್ನೊಂದು ಸಾಲು ಏಕಿದೆಯೆಂದು ಇಬ್ಬರಿಗೂ ತಿಳಿಯಲಿಲ್ಲ. ತೆಗೆದರೆ ಪ್ರಿಂಟರು ನಿಲ್ಲುತ್ತಿತ್ತು.

“ಇದನ್ನ ಬರೆದವರು ಯಾರು?” ಎಂದು ಆ್ಯಪ್ ಮೇಡಂ ಒಮ್ಮೆ ತಲೆ ಚಚ್ಚಿಕೊಂಡಳು.

“ಒಬ್ಬಳು ಹುಡುಗಿ. ಬಹಳ ಜಂಬ ಇತ್ತು ಅವಳಿಗೆ. ನಿನ್ನ ಹಾಗೇ.”

ಅಕ್ಕನೂ ಸುಮ್ಮನಿರಲಿಲ್ಲ. ಹೊಸ ವ್ಯವಸ್ಥೆಯೊಳಗೆ ಇಣುಕಿ ನೋಡಿ, ದಿನಾಂಕ ತೋರಿಸಲು ಬೇರೆಯವರು ಬರೆದಿಟ್ಟ ನೂರ ಎಂಬತ್ತು ಪ್ರೋಗ್ರಾಮ್ ತುಂಡುಗಳನ್ನು ಎಳೆದು ತಂದಿದ್ದಾರೆಂದು ಕಂಡುಹಿಡಿದಳು. “ಇವತ್ತು ಯಾವ ವಾರ ಅಂತ ಹೇಳೋಕೆ ಮದುವೆ ದಿಬ್ಬಣವೇ ಬೇಕಾ?” ಎಂದು ಹೀಯಾಳಿಸಿದಳು. ಅದರಲ್ಲಿ ಅರ್ಧವನ್ನು ತೆಗೆಸಿದಳು. ಇನ್ನರ್ಧ ಏಕೆ ಬೇಕೆಂದು ಆ್ಯಪ್ ಮೇಡಂ ವಿವರಿಸಿದಾಗ, ಒಪ್ಪಿಗೆಯಾದರೂ ಒಪ್ಪದವಳ ಮುಖ ಮಾಡಿಕೊಂಡು ಕೇಳಿದಳು. ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತಳು. ಚಾಲಕರು ಫೋನಿನಲ್ಲೇ ರಜೆ ಕೇಳುವ ಪುಟವನ್ನು ಪೂರ್ತಿ ತಾನೇ ಬರೆದಳು. ಮನೆಯಲ್ಲಿ ಗಂಡನಿಗೆ ತೋರಿಸಿದರೆ ಅವರು, “ಬಣ್ಣ ಚೆನ್ನಾಗಿಲ್ಲ,” ಎಂದು ಬಣ್ಣ ಆರಿಸಿಕೊಟ್ಟರು. ಅಂದಿನಿಂದ ಆ ಪುಟ ತಾವೇ ಮಾಡಿದ್ದೆಂದು ಶಾಲೆಯಲ್ಲಿ ಹೇಳಿಕೊಂಡು ಬಂದರು.

ಒಂದು ಬುಧವಾರ ಹಳೆಯ ಯಂತ್ರವನ್ನು ಶಾಶ್ವತವಾಗಿ ನಿಲ್ಲಿಸಿದರು. ಸಮಾರಂಭ ಮಾಡಬೇಕೆಂದು ಮ್ಯಾನೇಜರು ಹೇಳಿದ್ದರು. ಆದರೆ ಅಷ್ಟರಲ್ಲಿ ‘ಯಶಸ್ವೀ ಬದಲಾವಣೆ’ಗಾಗಿ ಅವರಿಗೇ ಬಡ್ತಿ ಸಿಕ್ಕಿ ಮುಖ್ಯ ಕಚೇರಿಗೆ ಹೋಗಿದ್ದರು. ಅಕ್ಕ ಒಬ್ಬಳೇ ಗುಂಡಿ ಒತ್ತಿದಳು. ಹಸಿರು ಅಕ್ಷರ ಒಂದು ಚುಕ್ಕಿಯಾಗಿ ಕುಗ್ಗಿ ಮಾಯವಾಯಿತು. ಅಳು ಬರುತ್ತದೆಂದು ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದಳು. ಬರಲಿಲ್ಲ. ಬದಲಿಗೆ ಮೂವತ್ತೊಂದು ವರ್ಷದ ಗುಂಯ್‌ಗುಡುವ ಸದ್ದು ನಿಂತ ಮೇಲೆ, ಕೆಳಗೆ ಉಗ್ರಾಣದಲ್ಲಿ ಟೈರು ಉರುಳಿಸುವವರ ಮಾತೆಲ್ಲ ಸ್ಪಷ್ಟವಾಗಿ ಕೇಳಿಸತೊಡಗಿತು. ಅವರು ಅವಳನ್ನೇ ಆಡಿಕೊಳ್ಳುತ್ತಿದ್ದರು.

ಅಂದು ಸಂಜೆ ಮನೆಗೆ ಹೋಗುವ ಬಸ್ಸನ್ನು ಓಡಿಸುತ್ತಿದ್ದವನು ಮೀಸೆ. ಅಕ್ಕ ಅವನ ಹಿಂದಿನ ಸೀಟಿನಲ್ಲೇ ಕೂತಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ಶುರುಮಾಡಿದ.

“ಎಲ್ಲಾ ಸರಿಯಾಯ್ತು ಅಕ್ಕ, ಆದ್ರೆ ಆ ರಜೆ ಕೇಳೋ ಪುಟ ಇದೆಯಲ್ಲ, ಅದನ್ನ ಬರೆದವರು ಜೀವನದಲ್ಲಿ ಒಂದು ದಿನ ರಜೆ ಹಾಕಿದಾರೋ ಇಲ್ವೋ! ಒಂದು ರಜೆಗೆ ಐದು ಕಡೆ ಒತ್ತಬೇಕು.”

“ಐದಲ್ಲ, ನಾಲ್ಕು,” ಎಂದಳು ಅಕ್ಕ, ಚುಚ್ಚಿದಂತಾಗಿ.

“ಐದು ಅಕ್ಕ, ನಾನೇ ಎಣಿಸಿದೀನಿ. ನಿಮ್ಮ ಕಾಲದಲ್ಲಾದ್ರೆ ಮೆಟ್ಟಿಲು ಹತ್ತಿ ಬಂದು ಬೈಸಿಕೊಂಡರೆ ಮುಗೀತಿತ್ತು.”

“ಬರೆದವರು ಪಾಪ ಎಷ್ಟು ಯೋಚನೆ ಮಾಡಿ ಬರೆದಿರ್ತಾರೆ. ನಿಮಗೆ ಏನು ಕೊಟ್ಟರೂ ತಪ್ಪು ಹುಡುಕೋದೇ ಕೆಲಸ. ಸ್ವಲ್ಪ ಕಾಲದ ಜೊತೆ ಹೋಗೋದು ಕಲೀಬೇಕಪ್ಪ.”

ಮೀಸೆ ಕತ್ತು ತಿರುಗಿಸಿ ಅವಳ ಮುಖವನ್ನೇ ನೋಡಿದ. “ಏನಕ್ಕ, ಮೈ ಹುಷಾರಿಲ್ವಾ?”

ಅಕ್ಕ ಕಿಟಕಿಯ ಕಡೆ ಮುಖ ಮಾಡಿ, “ದೀಪ ಹಸಿರಾಯ್ತು, ನೋಡಿ ಓಡಿಸು,” ಎಂದಳು.

ಮಾರನೆಯ ಬೆಳಗ್ಗೆ ಕಚೇರಿಗೆ ಬಂದವಳೇ ಫೋನು ತೆಗೆದು ಎಣಿಸಿದಳು. ಐದೇ ಇತ್ತು.